ಸಿದ್ದಿ ಸಂಶೋಧಕರಿಗೆ ಹಣ ಎಲ್ಲಿಂದ?

ಆಫ್ರಿಕಾ ಮೂಲದ ವಿದ್ಯಾರ್ಥಿಗಳ ಉನ್ನತ ವ್ಯಾಸಂಗಕ್ಕೆ ಭಾರತ ಕೊಡುವ ನೆರವಿನ ಮಾತು ಬಂದಾಗಲೆಲ್ಲ ನಮ್ಮ ಲೇಖಕರು ದೆಹಲಿಯಿಂದಲೇ ಕತೆ ಶುರುಮಾಡುತ್ತಾರೆ. 1950ರಲ್ಲಿ ಹುಟ್ಟಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು, 2008ರ ಭಾರತ-ಆಫ್ರಿಕಾ ಶೃಂಗಸಭೆಯ ಫಲವಾಗಿ ಆಫ್ರಿಕಾದ ಸಂಶೋಧಕರಿಗೆ ದೊರೆತ ಸಿ.ವಿ. ರಾಮನ್ ಫೆಲೋಶಿಪ್, 2015ರ ಸಭೆಯಲ್ಲಿ ಐದು ವರ್ಷಗಳಿಗೆ ಘೋಷಿಸಿದ 50,000 ವಿದ್ಯಾರ್ಥಿವೇತನ, ಇವಿಷ್ಟನ್ನು ಹೇಳಿ ಮುಗಿಸುತ್ತಾರೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಪಡುವಣ ಗಡಿ ದಾಟಿದರೆ ಸಿಗುವ ಮುಂಡಗೋಡದಲ್ಲಿ, ಅದರಾಚೆಯ ಯಲ್ಲಾಪುರ, ಹಳಿಯಾಳಗಳಲ್ಲಿ ಆಫ್ರಿಕಾ ಮೂಲದವರೇ ಆದ ಸಿದ್ದಿಗಳು ತಲೆಮಾರುಗಳಿಂದ ಬದುಕುತ್ತಿದ್ದಾರೆ. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದವರ ವಂಶದವರು ಇವರಲ್ಲಿ ಬಹಳ ಮಂದಿ. ಇವರ ಮಕ್ಕಳು ಎಂ.ಎ. ಮುಗಿಸಿ ಸಂಶೋಧನೆಗೆ ಇಳಿಯಬೇಕೆಂದರೆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಸಿದ್ದಿಗಳ ಓಟಕ್ಕೆ, ಕುಣಿತಕ್ಕೆ, ಸಿದ್ದಿಗಳ ಕುರಿತ ಅಧ್ಯಯನಕ್ಕೆ ಹಣ ಬಂದಿದೆ. ಸಿದ್ದಿಗಳು ತಾವೇ ಮಾಡಬೇಕಾದ ಅಧ್ಯಯನಕ್ಕೆ ಮಾತ್ರ ಅದು ತಡವಾಗಿ, ತುಂಡುತುಂಡಾಗಿ ಬಂದಿದೆ.

ನಮ್ಮ ಸೀಮೆಯಲ್ಲಿ ಓದಿಗೆ ಹಣ ಕೂಡಿಸುವ ಪದ್ಧತಿ ಹಳೆಯದು. ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ನಿಧಿ ಕಟ್ಟಿದರು. ಹಾನಗಲ್ಲ ಕುಮಾರಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದರು. ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟರು; 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿತು. ಮಠಗಳ ಪ್ರಸಾದ ನಿಲಯಗಳು ಮುಂದೆ ಅನೇಕ ಜಾತಿಯ ಮಕ್ಕಳಿಗೆ ಅನ್ನ ಕೊಟ್ಟವು. ಆದರೆ ಈ ವ್ಯವಸ್ಥೆ ನಿಂತದ್ದು ಭೂಮಿ, ಮಠ, ವ್ಯಾಪಾರಗಳ ಬಲದ ಮೇಲೆ. ಬಹುಪಾಲು ಸಿದ್ದಿಗಳಿಗೆ ಭೂಮಿ ಇರಲಿಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಧರ್ಮಗಳಲ್ಲಿ ಹಂಚಿಹೋಗಿ, ಕಾಡಂಚಿನ ಕೇರಿಗಳಲ್ಲಿ ಚದುರಿದ್ದ ಅವರನ್ನು ಒಂದು ನಿಧಿಯಡಿ ಕೂಡಿಸಬಲ್ಲ ಮಠವಾಗಲಿ ಚರ್ಚಾಗಲಿ ಜಮಾತಾಗಲಿ ಇರಲಿಲ್ಲ. ಆದ್ದರಿಂದ ಸಮುದಾಯವೇ ಮುಂದೆ ಬಂದು ತನ್ನ ಮಕ್ಕಳನ್ನು ಓದಿಸಿಕೊಳ್ಳಲಿ ಎಂಬ ಉಪದೇಶ ಇವರ ಮಟ್ಟಿಗೆ ಇತಿಹಾಸವನ್ನು ತಿಳಿಯದ ಮಾತು.

1970ರ ನಂತರದ ಕಾಲಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಟಿ.ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳ ಕುರಿತು 1976ರಲ್ಲಿ ಪ್ರಕಟಿಸಿದ ಮಾನವಶಾಸ್ತ್ರೀಯ ಗ್ರಂಥ ಮುಂದಿನವರೆಲ್ಲರಿಗೂ ಬುನಾದಿಯಾಯಿತು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ, ಫೋರ್ಡ್ ಫೌಂಡೇಶನ್ನಿನ ನೆರವಿದ್ದ ತನ್ನ ಜನಸ್ಪಂದನ ಕಾರ್ಯಕ್ರಮದ ಮೂಲಕ ಮಂಚಿಕೇರಿಯ ಸಿದ್ದಿಗಳ ಜತೆ ಕೆಲಸ ಮಾಡಿತು. ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಚಿನುವ ಅಚೆಬೆಯ ಕಾದಂಬರಿ ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ಸಿದ್ದಿಗಳಿಂದಲೇ ರಂಗಕ್ಕೆ ಬಂದಿತು. ಹೊರಗಿನ ಹಣದಿಂದ ಸಿದ್ದಿಗಳ ನಡುವೆ ನಡೆದ ಕೆಲಸಗಳಲ್ಲಿ ಅತ್ಯಂತ ಫಲವತ್ತಾದದ್ದು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅವರನ್ನು ಅಳೆದು ದಾಖಲಿಸುವ ಬದಲು ಅದು ಅವರ ಬಾಯಿಗೆ ಮಾತು ಕೊಟ್ಟಿತು, ಆಫ್ರಿಕಾದ ಬರಹವೊಂದನ್ನು ಕನ್ನಡದಲ್ಲಿ ಅವರ ಕೈಗಿಟ್ಟಿತು. ಅದೇ ದಶಕದ 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆಯ್ದು ಒಲಿಂಪಿಕ್ಸಿಗೆ ಸಿದ್ಧಪಡಿಸುವ ಯೋಜನೆ ಹಾಕಿ, 1993ರಲ್ಲಿ ಕೈಬಿಟ್ಟಿತು. ಹಲವರಿಗೆ ಅದರಿಂದ ಸರ್ಕಾರಿ ಕೆಲಸ ಸಿಕ್ಕಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಸಿದ್ದಿ ಎಂದರೆ ಹುಟ್ಟು ಓಟಗಾರ ಎಂಬ ತಪ್ಪು ಎಣಿಕೆ ಅಲ್ಲಿಂದ ಬೇರೂರಿ, ಇವತ್ತಿಗೂ ಪತ್ರಿಕೆಗಳಲ್ಲಿ ಮರುಕಳಿಸುತ್ತಿದೆ. ಆಮೇಲೆ ಘಾನಾ ಮೂಲದ ಪಾಶಿಂಗ್ಟನ್ ಒಬೆಂಗ್ 2007ರಲ್ಲಿ ಗ್ರಂಥ ಬರೆದರು, ಅಮೆರಿಕದ ಹೆನ್ರಿ ಡ್ರೂವಲ್ ಸಿದ್ದಿ ಹೆಂಗಸರ ಕೌದಿಗಳನ್ನು ಜಗತ್ತಿಗೆ ಪರಿಚಯಿಸಿದರು. ಇಬ್ಬರದೂ ಪ್ರೀತಿಯಿಂದ ಮಾಡಿದ ಕೆಲಸ. ಆದರೆ ಈ ಇಡೀ ಸಾಹಿತ್ಯದಲ್ಲಿ ಸಿದ್ದಿಗಳು ಬಹುಮಟ್ಟಿಗೆ ಮಾಹಿತಿ ಕೊಟ್ಟವರಾಗಿ ಕಾಣಿಸಿಕೊಳ್ಳುತ್ತಾರೆಯೇ ಹೊರತು ಲೇಖಕರಾಗಿ ಅಲ್ಲ. ಸಮುದಾಯದ ಮೊದಲ ಪದವೀಧರರೆಂದು ಗುರುತಿಸಲಾದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿನ ಸದಸ್ಯರಾದರು. ಅಂದರೆ ಇಲ್ಲಿ ಪದವಿ ಎಂಬುದಕ್ಕೆ ಒಂದೇ ತಲೆಮಾರಿನ ಚರಿತ್ರೆ.

ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಪರಿಶಿಷ್ಟರಿಗಾಗಿ ರಾಜೀವ್ ಗಾಂಧಿ ರಾಷ್ಟ್ರೀಯ ಫೆಲೋಶಿಪ್ 2005-06ರಲ್ಲಿ ಆರಂಭವಾಯಿತು. ಈಗ ಪಂಗಡದವರ ಆ ಫೆಲೋಶಿಪ್ಪಿನಲ್ಲಿ ದೇಶಕ್ಕೆಲ್ಲ ಸೇರಿ ವರ್ಷಕ್ಕೆ 750 ಸ್ಥಾನಗಳಿವೆ. 2023ರ ಪರಿಷ್ಕರಣೆಯಾದ ಮೇಲೆ ಯುಜಿಸಿಯ ಕಿರಿಯ ಸಂಶೋಧಕರ ತಿಂಗಳ ಮೊತ್ತ 37,000 ರೂಪಾಯಿ. ಕಾಗದದ ಮೇಲೆ ದಾರಿ ತೆರೆದಂತೆಯೇ. ಆದರೆ ಹಣ ಶುರುವಾಗುವುದು ಪಿಎಚ್.ಡಿ. ನೋಂದಣಿಯಾದ ಮೇಲೆ. ಎಂ.ಎ. ಮುಗಿದು ನೋಂದಣಿಯಾಗುವವರೆಗಿನ ಅವಧಿಯಲ್ಲಿ ಪ್ರವೇಶ ಪರೀಕ್ಷೆಗೆ ಓದಬೇಕು, ಗೈಡ್ ಹುಡುಕಬೇಕು, ಸಾರಲೇಖ ಬರೆಯಬೇಕು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತವರಿಗೆ ನೆಟ್‌ನ ಮೊದಲ ಪತ್ರಿಕೆ ಬರುವುದು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ಕೂಲಿಯಿಂದ ನಡೆಯುವ ಮನೆಯ ಮಗಳು ಸಂಶೋಧನೆಯ ಆಸೆ ಬಿಡುವುದು ಬಹುಪಾಲು ಈ ಅವಧಿಯಲ್ಲೇ, ಮತ್ತು ಈ ಅವಧಿಗೆಂದೇ ಇರುವ ಫೆಲೋಶಿಪ್ ಇಲ್ಲ. ಇನ್ನೊಂದು ತೊಡಕು ಪರಿಶಿಷ್ಟ ಪಂಗಡಗಳ ಪಟ್ಟಿಯದು. 2020ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳೂ ಸೇರಿದರು. ಆದರೆ 1997ರಲ್ಲೇ ಧಾರವಾಡದಿಂದ ಬೇರೆಯಾದ ಹಾವೇರಿಯ ಹೆಸರು ಅಲ್ಲಿಲ್ಲ. ಗಡಿ ದಾಟಿ ಹಾನಗಲ್, ಶಿಗ್ಗಾವಿ ಕಡೆ ನೆಲೆಸುವ ಕುಟುಂಬಕ್ಕೆ ಪ್ರಮಾಣಪತ್ರವೇ ದೊಡ್ಡ ಪ್ರಶ್ನೆಯಾಗಬಲ್ಲದು. ಗುಜರಾತಿನ ಸಿದ್ದಿಗಳು ವಿಶೇಷವಾಗಿ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ; ಕರ್ನಾಟಕದಿಂದ ಆ ಪಟ್ಟಿಯಲ್ಲಿರುವುದು ಜೇನುಕುರುಬರು, ಕೊರಗರು ಮಾತ್ರ. ಪಂಗಡಗಳಿಗಿರುವ ವಿದೇಶ ವ್ಯಾಸಂಗದ ವಾರ್ಷಿಕ 20 ಸ್ಥಾನಗಳಲ್ಲಿ 3 ಅಂಥ ಬುಡಕಟ್ಟುಗಳಿಗೆ ಮೀಸಲು. ಆ ಮೂರರಲ್ಲಿ ನಮ್ಮ ಸಿದ್ದಿಗಳಿಗೆ ಪ್ರವೇಶವಿಲ್ಲ.

ಮೊದಲು ಶಾಲೆ ಸರಿಯಾಗಲಿ, ಸಂಶೋಧನೆ ಆಮೇಲೆ ಎನ್ನುವವರಿದ್ದಾರೆ. ಶಾಲೆ ಬಿಡುವ ಮಕ್ಕಳ ಸಮಸ್ಯೆ ನಿಜ. ಆದರೆ ಹಳ್ಳಿಯ ಶಾಲೆ ಸುಧಾರಿಸಿದ ಮೇಲೆಯೇ ಕಾಲೇಜು ಕಟ್ಟೋಣ ಎಂದು ನಮ್ಮ ಹಿರಿಯರು ಕಾದು ಕೂರಲಿಲ್ಲ. ಎರಡನ್ನೂ ಒಟ್ಟಿಗೆ ಕಟ್ಟಿದರು. ತಮ್ಮವರೇ ಕಾಲೇಜಿನಲ್ಲಿ ಪಾಠ ಹೇಳುವುದನ್ನು ಕಂಡ ಮಗು ಶಾಲೆಯಲ್ಲಿ ಉಳಿಯಲು ಒಂದು ಕಾರಣ ಕಾಣುತ್ತದೆ. ಇಷ್ಟು ಸಣ್ಣ ಸಮುದಾಯಕ್ಕೆ ಪ್ರತ್ಯೇಕ ಏರ್ಪಾಡು ಬೇಕೆ ಎಂಬ ಆಕ್ಷೇಪವೂ ಇದೆ. ಸಣ್ಣದಾಗಿರುವುದರಿಂದಲೇ ಬೇಕು. ದೊಡ್ಡ ಪಂಗಡಗಳ ಜತೆ ಅಂಕಗಳ ಪೈಪೋಟಿಗೆ ನಿಂತಾಗ ಮೊದಲ ತಲೆಮಾರಿನ ಪದವೀಧರರು ಹಿಂದೆ ಬೀಳುತ್ತಾರೆ. ಇದಕ್ಕೆ ತಗಲುವ ಖರ್ಚೂ ಸಣ್ಣದೇ.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಮುಂಡಗೋಡಕ್ಕೆ ನೆರೆಯದು. ಸಿದ್ದಿ ಪದವೀಧರರಿಗೆ ನೋಂದಣಿಗೆ ಮುಂಚಿನ ಒಂದು ವರ್ಷ ಊಟ, ವಸತಿ, ತಿಂಗಳ ವೇತನ ಕೊಡುವ ಕೆಲಸವನ್ನು ಅದು ಆರಂಭಿಸಬೇಕು. ಸಿದ್ದಿಗಳ ಕುರಿತು ಸರ್ಕಾರಿ ಹಣದಲ್ಲಿ ನಡೆಯುವ ಯಾವುದೇ ಯೋಜನೆಯಲ್ಲಿ ಸಮುದಾಯದ ಒಬ್ಬ ಸಂಶೋಧಕನಾದರೂ ಸಂಬಳ ಪಡೆದು, ಸಹಲೇಖಕನಾಗಿ ಇರಬೇಕೆಂದು ಧಾರವಾಡ, ಹಂಪಿಯ ವಿಶ್ವವಿದ್ಯಾಲಯಗಳು ನಿಯಮ ಮಾಡಬೇಕು. ಹಾವೇರಿಯ ಹೆಸರನ್ನು ಪಟ್ಟಿಗೆ ಸೇರಿಸುವಂತೆ ಈ ಭಾಗದ ಶಾಸಕರು, ಸಂಸದರು ಕೇಂದ್ರಕ್ಕೆ ಬರೆಯಬೇಕು. ಹಾನಗಲ್ ಸೀಮೆಯ ಕಾಲೇಜು ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮ ತರಗತಿಗೆ ಬರುವ ಸಿದ್ದಿ ವಿದ್ಯಾರ್ಥಿಗೆ ಈ ಫೆಲೋಶಿಪ್‌ಗಳ ಹೆಸರು, ಅರ್ಜಿಯ ಅವಧಿ, ಬೇಕಾದ ಕಾಗದಪತ್ರಗಳನ್ನು ಎಂ.ಎ. ಮೊದಲ ವರ್ಷದಲ್ಲೇ ತಿಳಿಸಿ, ಅರ್ಜಿ ತುಂಬುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ.