ಮುತ್ತು ಕಟ್ಟಿದ ದಿನ, ಆಮೇಲಿನ ವರ್ಷಗಳು

ನನ್ನ ಪ್ರಶ್ನಾವಳಿಯಲ್ಲಿ ಏಳನೆಯ ಪ್ರಶ್ನೆ ಹೀಗಿತ್ತು: ‘ಅಪರಾಧ ನಡೆದ ದಿನ ಮತ್ತು ಸ್ಥಳ.’ ಮೂಡಲಗಿ ತಾಲೂಕಿನ ಒಂದು ಹಳ್ಳಿಯಲ್ಲಿ, ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರ ಮನೆಯ ಕಟ್ಟೆಯ ಮೇಲೆ ಕೂತು ಅದನ್ನು ಓದಿ ಹೇಳಿದೆ. ಅಪರಾಧಶಾಸ್ತ್ರದಲ್ಲಿ ಸಂಶೋಧನೆ ಮಾಡುವವರಿಗೆ ಇದಕ್ಕಿಂತ ಸಾದಾ ಪ್ರಶ್ನೆ ಇನ್ನೊಂದಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅಪರಾಧ ಅಂದ್ರ ಯಾವ್ದು ತಂಗಿ, ಮುತ್ತು ಕಟ್ಟಿದ್ದ?” ಹೌದೆಂದೆ. “ಅದು ಒಂದ ದಿನದ ಕೆಲಸ. ಹೊಸ ಸೀರಿ ಉಡಿಸಿದ್ರು, ಹೋಳಿಗಿ ಮಾಡಿದ್ರು. ಸಣ್ಣಾಕಿದ್ನಿ, ನನಗ ಖುಷೀನ ಆಗಿತ್ತು. ಅದರ ಮುಂದಿಂದು ನಿನ್ನ ಕಾಗದದಾಗ ಎಲ್ಲಿ ಐತಿ?”

ನನ್ನ ಕಾಗದದಲ್ಲಿ ಅದು ಇರಲಿಲ್ಲ. ಊರಿಗೆ ಮರಳಿದ ಮೇಲೆ ದೇವದಾಸಿ ಪದ್ಧತಿಗೆ ಸಂಬಂಧಿಸಿದ ಕಾನೂನುಗಳನ್ನು ಒಂದೊಂದಾಗಿ ಮತ್ತೆ ಓದಿದೆ. ಅವುಗಳಲ್ಲೂ ಇರಲಿಲ್ಲ. ಸುಮಾರು ನೂರು ವರ್ಷಗಳಿಂದ ನಮ್ಮ ಕಾನೂನು ಮುತ್ತು ಕಟ್ಟಿದ ದಿನವನ್ನೇ ನೋಡುತ್ತ ಬಂದಿದೆ, ಆಮೇಲಿನ ವರ್ಷಗಳನ್ನು ನೋಡಿಲ್ಲ. ಈ ಬರಹ ಆ ಇತಿಹಾಸದ ಬಗ್ಗೆ.

ಗೋಕಾಕ, ಹುಕ್ಕೇರಿ, ಇತ್ತೀಚಿನವರೆಗೂ ಗೋಕಾಕ ತಾಲೂಕಿನಲ್ಲೇ ಇದ್ದ ಮೂಡಲಗಿ, ಇವೆಲ್ಲ ಘಟಪ್ರಭೆಯ ನೀರುಂಡ ಊರುಗಳು. ಇಲ್ಲಿನ ದೇವದಾಸಿ ಎಂದರೆ ದೊಡ್ಡ ದೇವಸ್ಥಾನದಲ್ಲಿ ನಾಟ್ಯ ಮಾಡಿ ಉಂಬಳಿ ಪಡೆದವಳಲ್ಲ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ, ಬಹುಪಾಲು ದಲಿತ ಕೇರಿಯ, ಹೊಲಗೂಲಿ ಮಾಡುವ ಮನೆಯ ಹುಡುಗಿ ಆಕೆ. ಮನೆಯಲ್ಲಿ ಗಂಡುಮಕ್ಕಳಿಲ್ಲ, ಯಾರಿಗೋ ಜಡೆ ಬಂತು, ಮಗು ಜಡ್ಡಿಗೆ ಬಿತ್ತು, ಹರಕೆ ಹೊತ್ತರು ಎಂದು ಕಾರಣಗಳು ಹಲವು. ಗಂಡುಮಗನಿಲ್ಲದ ಮನೆಯಲ್ಲಿ ಮುತ್ತು ಕಟ್ಟಿದ ಮಗಳು ಮದುವೆಯಾಗಿ ಹೋಗುವುದಿಲ್ಲ, ತಂದೆತಾಯಿಯನ್ನು ನೋಡಿಕೊಳ್ಳುತ್ತಾಳೆ, ಮಗನಂತೆ ಆಸ್ತಿಯಲ್ಲಿ ಪಾಲು ಪಡೆಯುತ್ತಾಳೆ. ಆಸ್ತಿಯೇ ಇಲ್ಲದ ಮನೆಯಲ್ಲಿ ಉಳಿಯುವುದು ನೋಡಿಕೊಳ್ಳುವ ಹೊಣೆ ಮಾತ್ರ. ದೊಡ್ಡವಳಾದ ಮೇಲೆ ಊರಿನ ಉಳ್ಳವನೊಬ್ಬ ಆಕೆಯನ್ನು ‘ಇಟ್ಟುಕೊಳ್ಳುತ್ತಾನೆ’. ಅವನು ಕೈಬಿಟ್ಟ ಮೇಲೆ ಹಲವರ ದಾರಿ ಘಟಪ್ರಭಾ ನಿಲ್ದಾಣದಿಂದ ಮಿರಜದ ಕಡೆ ಹೋಗುವ ರೈಲಿನದು. ಸಾಂಗಲಿಯ ಗೋಕುಳನಗರ, ಪುಣೆ, ಮುಂಬೈನ ಕಾಮಾಟಿಪುರಗಳಲ್ಲಿ ನಮ್ಮ ಕಡೆಯ ಕನ್ನಡ ಕೇಳಿಬರುವುದು ಹೀಗೆ.

ಕಾನೂನು ಇದನ್ನು ಹೇಗೆ ಕಂಡಿತು? 1860ರ ಭಾರತೀಯ ದಂಡಸಂಹಿತೆಯ 372 ಮತ್ತು 373ನೇ ಕಲಮುಗಳು ವೇಶ್ಯಾವೃತ್ತಿಗಾಗಿ ಹುಡುಗಿಯರನ್ನು ಮಾರುವುದನ್ನೂ ಕೊಳ್ಳುವುದನ್ನೂ ಅಪರಾಧವೆಂದವು. ದೇವರಿಗೆ ಬಿಟ್ಟ ಪ್ರಕರಣದಲ್ಲಿ ಇವನ್ನು ಬಳಸಬೇಕಾದರೆ, ವೇಶ್ಯಾವೃತ್ತಿಗೆಂದೇ ಬಿಟ್ಟರು ಎಂದು ತೋರಿಸಬೇಕಿತ್ತು. ಹರಕೆ ತೀರಿಸಿದೆವು ಎನ್ನುವ ತಂದೆತಾಯಿಯ ಮುಂದೆ ಇದು ಸುಲಭದ ಮಾತಲ್ಲ. ಮೈಸೂರು ಸಂಸ್ಥಾನ 1909ರ ಸುಮಾರಿಗೆ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಆ ಆದೇಶ ನಮ್ಮ ಸೀಮೆಗೆ ಸಂಬಂಧಿಸಿದ್ದಲ್ಲ, ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು.

ನಮಗೆ ಹತ್ತಿರದ ಕಾನೂನು ಬಂದದ್ದು ಕೊಲ್ಹಾಪುರದಿಂದ. 1920ರಲ್ಲಿ ಶಾಹು ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಜೋಗತಿ, ದೇವದಾಸಿ ಪದ್ಧತಿಯ ವಿರುದ್ಧ ಕಾಯ್ದೆ ತಂದರು. ಗೋಕಾಕದ ಪಕ್ಕದ ರಾಯಬಾಗ ಆಗ ಕೊಲ್ಹಾಪುರಕ್ಕೆ ಸೇರಿತ್ತು. ಹೀಗಾಗಿ 14 ವರ್ಷಗಳ ಕಾಲ ನಡೆದು ಹೋಗುವಷ್ಟು ದೂರದ ಊರುಗಳಲ್ಲಿ ಒಂದೇ ದೇವಿಗೆ, ಒಂದೇ ರೀತಿ ಮುತ್ತು ಕಟ್ಟುವುದು ಒಂದು ಕಡೆ ಕಾಯ್ದೆಗೆ ವಿರುದ್ಧ, ಇನ್ನೊಂದು ಕಡೆ ಹಾಗಲ್ಲ. ಬ್ರಿಟಿಷ್ ಆಡಳಿತದ ಊರುಗಳಿಗೆ ಕಾನೂನು ಬಂದದ್ದು 1934ರ ಮುಂಬೈ ದೇವದಾಸಿ ಸಂರಕ್ಷಣಾ ಕಾಯ್ದೆಯೊಂದಿಗೆ. ದೇವರಿಗೆ ಬಿಡುವುದು ಕಾನೂನುಬಾಹಿರ, ಅದರಲ್ಲಿ ಪಾಲುಗೊಂಡವರಿಗೆ ಶಿಕ್ಷೆ, ದೇವದಾಸಿಯಾದವಳು ಮದುವೆಯಾದರೆ ಆ ಮದುವೆ ಊರ್ಜಿತ ಎಂದು ಅದು ಹೇಳಿತು. ಏಕೀಕರಣದ ಬಳಿಕವೂ ಬೆಳಗಾವಿ ಪ್ರದೇಶದಲ್ಲಿ ಅದೇ ಕಾಯ್ದೆ ಉಳಿಯಿತು. ಕಾಯ್ದೆ ಇದೆ ಎಂದು ಊರವರಿಗೆ ಗೊತ್ತಾಗದಷ್ಟು ಮೌನವಾಗಿ ಉಳಿಯಿತು ಎನ್ನಬಹುದು.

ಅದರ ಜಾಗಕ್ಕೆ ಬಂದದ್ದು 1982ರ ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಕಾಯ್ದೆ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು 1984ರ 1ನೇ ಅಧಿನಿಯಮವಾಗಿ ಪ್ರಕಟವಾಯಿತು. ಸಮರ್ಪಣೆಯ ವಿಧಿ ನಡೆಸಿದವರಿಗೆ, ಅನುಮತಿ ಕೊಟ್ಟವರಿಗೆ, ಭಾಗವಹಿಸಿದವರಿಗೆ, ಕುಮ್ಮಕ್ಕು ಕೊಟ್ಟವರಿಗೆ ಮೂರು ವರ್ಷದವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ. ಅಪರಾಧಿ ತಂದೆ, ತಾಯಿ, ಪೋಷಕ ಅಥವಾ ಸಂಬಂಧಿಯಾಗಿದ್ದರೆ ಶಿಕ್ಷೆ ಹೆಚ್ಚು: ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ, 5,000 ರೂಪಾಯಿವರೆಗೆ ದಂಡ.

ಈ ಪಟ್ಟಿಯನ್ನು ಮತ್ತೊಮ್ಮೆ ಓದಿ. ಪೂಜಾರಿ ಇದ್ದಾನೆ, ತಾಯಿ ಇದ್ದಾಳೆ, ಸೋದರಮಾವ ಇದ್ದಾನೆ, ಅಕ್ಷತೆ ಹಾಕಲು ಬಂದವರೂ ಇದ್ದಾರೆ. ಆಮೇಲೆ ಆಕೆಯನ್ನು ಇಟ್ಟುಕೊಂಡವನು ಇಲ್ಲ. ವಿಧಿಯ ದಿನ ಅವನು ಅಲ್ಲಿ ಇರಲಿಲ್ಲ, ಆದ್ದರಿಂದ ಈ ಕಾಯ್ದೆಯ ಮಟ್ಟಿಗೆ ಅವನು ಏನೂ ಮಾಡಿಲ್ಲ. ಇಡೀ ಪದ್ಧತಿಯಲ್ಲಿ ಹೆಚ್ಚು ಶಿಕ್ಷೆ ಅತ್ಯಂತ ಬಡವರಿಗೆ. ಪದ್ಧತಿಯ ಲಾಭ ಉಂಡವನಿಗೆ ಒಂದು ಸಾಲೂ ಇಲ್ಲ.

ಹಾಗಾದರೆ ಅವನ ಮೇಲೆ ಬೇರೆ ಕಾನೂನು ಇರಲಿಲ್ಲವೇ? ಇತ್ತು. ದಂಡಸಂಹಿತೆಯ 375ನೇ ಕಲಮಿನಲ್ಲಿ ಒಪ್ಪಿಗೆಯ ವಯಸ್ಸು 1949ರಿಂದ 2013ರವರೆಗೆ 16 ಆಗಿತ್ತು. ಹನ್ನೆರಡು ಹದಿಮೂರರ ಹುಡುಗಿಯ ಜೊತೆಗಿನ ಸಂಬಂಧ, ಆಕೆ ಒಪ್ಪಿದರೂ ಒಪ್ಪದಿದ್ದರೂ, ಕಾನೂನಿನ ಭಾಷೆಯಲ್ಲಿ ಅತ್ಯಾಚಾರ. ಮುತ್ತು ಕಟ್ಟಿದವಳಿಗೆ ಇದು ಅನ್ವಯಿಸುವುದಿಲ್ಲ ಎಂದು ಎಲ್ಲೂ ಬರೆದಿಲ್ಲ. ಆದರೆ ಊರು, ಠಾಣೆ, ಕಚೇರಿ ಎಲ್ಲರೂ ಹಾಗೆಯೇ ನಡೆದುಕೊಂಡರು. ‘ದೇವದಾಸಿ ಸಮಸ್ಯೆ’ ಎಂಬ ಹೆಸರು ಬಿದ್ದ ಕೂಡಲೇ ಅದು ಸಾಮಾಜಿಕ ಪಿಡುಗು ಆಯಿತು. ಪಿಡುಗಿಗೆ ಆರೋಪಿ ಇರುವುದಿಲ್ಲ.

2016ರ ಜನವರಿಯಲ್ಲಿ ಜಾರಿಗೆ ಬಂದ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿ ಒಂದು ಹೆಜ್ಜೆ ಮುಂದಿಟ್ಟಿತು. ಪರಿಶಿಷ್ಟ ಜಾತಿ, ಪಂಗಡದ ಹೆಣ್ಣನ್ನು ದೇವದಾಸಿಯಾಗಿ ಬಿಡುವುದು, ಅದನ್ನು ಉತ್ತೇಜಿಸುವುದು ಈಗ ದೌರ್ಜನ್ಯ. ಈ ಕಾಯ್ದೆ ಪರಿಶಿಷ್ಟರಲ್ಲದ ಆರೋಪಿಗಳಿಗೆ ಮಾತ್ರ ಅನ್ವಯಿಸುವುದರಿಂದ ತಾಯಿಯನ್ನು ಬಿಟ್ಟು ಬೇರೆಯವರ ಕಡೆ ನೋಡಲು ದಾರಿಯಾಯಿತು. ಆದರೂ ಅದರ ಕಣ್ಣು ನೆಟ್ಟಿರುವುದು ಮತ್ತೆ ಸಮರ್ಪಣೆಯ ಮೇಲೆ.

ಇಷ್ಟೆಲ್ಲ ಏಕೆ ಮುಖ್ಯವೆಂದರೆ, ಕಾನೂನಿನಲ್ಲಿ ‘ಸಂತ್ರಸ್ತೆ’ ಎಂಬ ಸ್ಥಾನ ಅಪರಾಧದ ಬಾಲ ಹಿಡಿದು ಬರುತ್ತದೆ. 1985ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಪರಾಧದ ಸಂತ್ರಸ್ತರಿಗೆ ನ್ಯಾಯ ಒದಗಿಸುವ ಮೂಲತತ್ವಗಳನ್ನು ಘೋಷಿಸಿತು. ಆರೋಪಿ ಪತ್ತೆಯಾಗಲಿ ಆಗದಿರಲಿ, ಶಿಕ್ಷೆಯಾಗಲಿ ಆಗದಿರಲಿ, ಅವನು ಸಂತ್ರಸ್ತರ ಬಂಧುವೇ ಆಗಿರಲಿ, ನೊಂದವರು ನೊಂದವರೇ ಎಂಬುದು ಅದರ ಸಾರ. ನಮ್ಮಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸಂತ್ರಸ್ತರ ವ್ಯಾಖ್ಯಾನ ಸೇರಿದ್ದು 2009ರ ಕೊನೆಗೆ, ಅದೂ ಯಾವ ಕೃತ್ಯಕ್ಕಾಗಿ ಆರೋಪ ಹೊರಿಸಲಾಗಿದೆಯೋ ಅದರಿಂದ ನಷ್ಟ ಅನುಭವಿಸಿದವರು ಎಂದು. ಅಂದರೆ ಮೊದಲು ಒಬ್ಬ ಆರೋಪಿ ಬೇಕು. 357ಎ ಕಲಮು ಆರೋಪಿ ಸಿಗದಿದ್ದರೂ ಪರಿಹಾರ ಕೇಳುವ ಅವಕಾಶ ಕೊಟ್ಟಿತ್ತು ನಿಜ; ಆದರೆ ಅದಕ್ಕೆ ಪ್ರಾಧಿಕಾರದ ಬಾಗಿಲಿಗೆ ಹೋಗಿ ನನ್ನ ಮೇಲೆ ಇಂಥ ಅಪರಾಧ ನಡೆಯಿತು ಎಂದು ಹೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ‘ಆರೋಪ ಹೊರಿಸಲಾದ’ ಎಂಬ ಷರತ್ತು ಇಲ್ಲ.

ಗೋಕಾಕದ ಯಾವುದೋ ಕೇರಿಯ ಹದಿನಾರರ ಹುಡುಗಿ ಇದನ್ನೆಲ್ಲ ಬಳಸಿಕೊಳ್ಳಬೇಕಾದರೆ ಏನು ಮಾಡಬೇಕು? 1982ರ ಕಾಯ್ದೆಯಡಿ ದೂರು ಕೊಡಬೇಕು. ಯಾರ ಮೇಲೆ? ಅವ್ವನ ಮೇಲೆ. ಅವ್ವ ಜೈಲಿಗೆ ಹೋದರೆ ಮಾತ್ರ ಮಗಳು ಸಂತ್ರಸ್ತೆ. ಈ ಕಾಯ್ದೆಯಡಿ ದಾಖಲಾಗುವ ಪ್ರಕರಣಗಳು ಏಕೆ ಇಷ್ಟು ಕಡಿಮೆ ಎಂಬುದಕ್ಕೆ ಮೂಢನಂಬಿಕೆ, ಅಜ್ಞಾನ ಎಂದು ಕಾರಣ ಕೊಡುವುದು ರೂಢಿ. ನನಗೆ ಕಾಣುವ ಕಾರಣ ಬೇರೆ. ಅವ್ವನನ್ನು ಒಳಗೆ ಹಾಕಿಸಲು ಒಪ್ಪದ ಮಕ್ಕಳು ಅಜ್ಞಾನಿಗಳಲ್ಲ.

ಸಂತ್ರಸ್ತೆಯಾಗಲು ಆಗದವಳನ್ನು ಸರ್ಕಾರ ‘ಫಲಾನುಭವಿ’ ಮಾಡಿತು. ಅದಕ್ಕೆ ಸಮೀಕ್ಷೆ ಬೇಕಾಯಿತು. 1993–94ರ ಸಮೀಕ್ಷೆ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಿತು. 2007–08ರಲ್ಲಿ ಮತ್ತೆ ಎಣಿಸಿದಾಗ ಹೊಸದಾಗಿ 23,787 ಮಂದಿ ಸೇರಿದರು. ಒಟ್ಟು 46,660. ಎರಡನೆಯ ಸಂಖ್ಯೆ ಮೊದಲಿನದಕ್ಕಿಂತ 914 ಹೆಚ್ಚು. ಇದನ್ನು ಎರಡೇ ರೀತಿಯಲ್ಲಿ ಓದಬಹುದು: ಮೊದಲ ಎಣಿಕೆಯಲ್ಲಿ ಅರ್ಧದಷ್ಟು ಹೆಂಗಸರು ಲೆಕ್ಕಕ್ಕೇ ಸಿಗಲಿಲ್ಲ, ಇಲ್ಲವೇ ಕಾಯ್ದೆ ಬಂದ ಮೇಲೂ ಮುತ್ತು ಕಟ್ಟುವುದು ನಡೆದೇ ಇತ್ತು. ಎರಡೂ ಸ್ವಲ್ಪ ಸ್ವಲ್ಪ ನಿಜವಾಗಿರಬೇಕು. ಕಾಯ್ದೆಯ ನಂತರ ವಿಧಿಗಳು ಎಲ್ಲಮ್ಮನ ಗುಡ್ಡ ಬಿಟ್ಟು ಮನೆಯೊಳಗೆ, ಸಣ್ಣ ಗುಡಿಗಳಿಗೆ, ರಾತ್ರಿಯ ಹೊತ್ತಿಗೆ ಸರಿದದ್ದನ್ನು ಈ ಕಡೆಯ ಎಲ್ಲರೂ ಬಲ್ಲರು. ಈಗ ಕೊರಳಲ್ಲಿ ಮುತ್ತು ಕಾಣಬೇಕೆಂದೂ ಇಲ್ಲ.

ಈ ಪಟ್ಟಿಯಲ್ಲಿ ಹೆಸರಿದ್ದು 45 ದಾಟಿದವರಿಗೆ ಮಾಸಾಶನ. ಒಂದು ಸಣ್ಣ ಲೆಕ್ಕ ಮಾಡಿ ನೋಡಿದೆ. 1974ರಲ್ಲಿ ಹುಟ್ಟಿ, ಕಾಯ್ದೆ ಬಂದ 1984ರಲ್ಲೇ, ಹತ್ತನೆಯ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡ ಹುಡುಗಿಗೆ 45 ತುಂಬುವುದು 2019ರಲ್ಲಿ. ನಡುವಿನ 35 ವರ್ಷ ಆಕೆ ಸರ್ಕಾರದ ಕಣ್ಣಿಗೆ ಏನಾಗಿದ್ದಳು? ಸಂತ್ರಸ್ತೆ ಅಲ್ಲ, ಏಕೆಂದರೆ ದೂರಿಲ್ಲ. ಮಾಸಾಶನದ ಫಲಾನುಭವಿ ಅಲ್ಲ, ಏಕೆಂದರೆ ವಯಸ್ಸಾಗಿಲ್ಲ. ಶೋಷಣೆ ನಡೆಯುವ ವಯಸ್ಸೆಲ್ಲ ಕಳೆದ ಮೇಲೆ, ಯಾರೂ ಇಟ್ಟುಕೊಳ್ಳದ ವಯಸ್ಸಿಗೆ ಆಕೆ ಕಾಗದದ ಮೇಲೆ ಕಾಣಿಸಿಕೊಳ್ಳುತ್ತಾಳೆ.

ಈ ಖಾಲಿ ಜಾಗದಲ್ಲಿ ಕೆಲಸ ಮಾಡಿದವರು ಸ್ವತಃ ಆ ಹೆಂಗಸರೇ. 1990ರ ದಶಕದ ಆರಂಭದಲ್ಲಿ ಮೈರಾಡ ಸಂಸ್ಥೆ ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿಯರ ಪುನರ್ವಸತಿಗೆ ಕೈಹಾಕಿತು. 1997ರಲ್ಲಿ ಮಾಜಿ ದೇವದಾಸಿಯರೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿಕೊಂಡರು. ‘ಮಾಸ್’ ಎಂದು ಕರೆಯುವ ಈ ಸಂಸ್ಥೆಯ ಮನೆ ಗೋಕಾಕ ತಾಲೂಕಿನ ಘಟಪ್ರಭಾ. ರೈಲು ಹತ್ತಿಸಿದ ಊರಲ್ಲೇ ಸಂಘದ ಕಚೇರಿ ಎದ್ದಿತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರು ಚಿಕ್ಕವರಿದ್ದಾಗ ಅವರಿಗೂ ಮುತ್ತು ಕಟ್ಟಲಾಗಿತ್ತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಂಘದ ಹೆಂಗಸರ ದಾರಿ ಕಾಯ್ದೆಯ ದಾರಿಗಿಂತ ಬೇರೆ. ಎಲ್ಲೋ ಮುತ್ತು ಕಟ್ಟುವ ಸುದ್ದಿ ಬಂದರೆ ಮೊದಲು ಆ ಮನೆಗೆ ಹೋಗಿ ಕೂತು ಮಾತಾಡುತ್ತಾರೆ. ‘ನಮ್ಮ ಬಾಳೇವ ನೋಡು’ ಎನ್ನುವ ಅಧಿಕಾರ ಅವರಿಗಿದೆ, ಪೊಲೀಸರಿಗಿಲ್ಲ. ಉಳಿತಾಯ ಗುಂಪು, ಸಾಲ, ಮಕ್ಕಳ ಓದು ಆಮೇಲೆ ಬರುತ್ತವೆ. ತಾಯಿಯನ್ನು ಆರೋಪಿಯಾಗಿ ನೋಡದೆ, ಒಂದು ಕಾಲಕ್ಕೆ ಅವಳೂ ಇದೇ ಮಗಳಾಗಿದ್ದಳು ಎಂದು ನೋಡಿದ್ದರಿಂದ ಸಾಧ್ಯವಾದ ಕೆಲಸ ಇದು.

2025ರ ಆಗಸ್ಟ್‌ನಲ್ಲಿ ವಿಧಾನಸಭೆ ಹೊಸ ದೇವದಾಸಿ ವಿಧೇಯಕಕ್ಕೆ ಒಪ್ಪಿಗೆ ಕೊಟ್ಟಿತು. ತಡೆ, ನಿಷೇಧಗಳ ಜೊತೆಗೆ ಪರಿಹಾರ, ಪುನರ್ವಸತಿ ಎಂಬ ಮಾತುಗಳೂ ಅದರ ಹೆಸರಿನಲ್ಲೇ ಇವೆ. ದಾಖಲೆಗಳಲ್ಲಿ ತಂದೆಯ ಹೆಸರು ಕೊಡಲೇಬೇಕೆಂಬ ಒತ್ತಾಯ ದೇವದಾಸಿಯರ ಮಕ್ಕಳಿಗೆ ಇರಬಾರದು. ಬಯಸಿದರೆ ತಂದೆ ಯಾರೆಂದು ಗುರುತಿಸುವಂತೆ ಆ ಮಕ್ಕಳು ಕೇಳಬಹುದು. ಇದನ್ನು ಓದಿದಾಗ ನನಗೆ ಸಮಾಧಾನವಾಯಿತು. ಕಾರಣ ಪರಿಹಾರದ ಮೊತ್ತವಲ್ಲ. ವಿಧಿಯ ದಿನ ಅಲ್ಲಿ ಇರದಿದ್ದ ಆ ಗಂಡಸು, ಅಪರಾಧಿಯಾಗಿ ಅಲ್ಲದಿದ್ದರೂ ತಂದೆಯಾಗಿ, ಕಡೆಗೂ ಕಾನೂನಿನ ಒಳಗೆ ಬಂದ. ಮುಂದಿನ ಸಮೀಕ್ಷೆ, ನಿಯಮ, ಅನುದಾನಗಳು ಆ ದಾರಿಯನ್ನು ಎಷ್ಟು ದೂರ ಒಯ್ಯುತ್ತವೆ ಎನ್ನುವುದರ ಮೇಲೆ ಅದರ ಬೆಲೆ ನಿಂತಿದೆ. 1934ರ ಕಾಯ್ದೆಯೂ ಕಾಗದದ ಮೇಲೆ ಕೆಟ್ಟದ್ದೇನಲ್ಲ.

ನನ್ನ ಪ್ರಶ್ನಾವಳಿಯನ್ನು ನಾನು ತಿದ್ದಿದ್ದೇನೆ. ‘ಅಪರಾಧ ನಡೆದ ದಿನ’ ಎಂಬಲ್ಲಿ ಈಗ ‘ಯಾವಾಗಿನಿಂದ ಯಾವಾಗಿನವರೆಗೆ’ ಎಂದಿದೆ, ಅದರ ಕೆಳಗೆ ‘ಯಾರು ಯಾರು’ ಎಂದಿದೆ. ಹುಕ್ಕೇರಿ ಕಡೆಯ ಹಳ್ಳಿಗಳಿಗೆ ಇದನ್ನು ಹಿಡಿದು ಹೋದಾಗ ಕೆಲವರು ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕೊಡುವವರು ಹೇಳುವ ಮೊದಲ ಹೆಸರು ಅವ್ವನದಲ್ಲ. ಕೆಳಗೆ ಬಿಟ್ಟ ಜಾಗ ಸಾಲದೆ ಹಾಳೆಯ ಹಿಂಬದಿಗೆ ಬರೆದುಕೊಳ್ಳಬೇಕಾಗುತ್ತದೆ.