ಬುತ್ತಿಯ ಗಂಟು: ಕಾಲುದಾರಿಯಿಂದ ಆಕಾಶಮಾರ್ಗಕ್ಕೆ

ತಿಂಗಳ ಕೊನೆಗೆ ನಾವೆಲ್ಲ ಎದುರು ನೋಡುವ ‘ಸಂಬಳ’ ಎಂಬ ಮಾತಿಗೆ ಸಂಸ್ಕೃತ ಮೂಲದಲ್ಲಿರುವ ಅರ್ಥ ದಾರಿಬುತ್ತಿ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಶಂಬಲವೆಂದರೆ ಪಥಿಕನು ಕಟ್ಟಿಕೊಂಡು ಹೋಗುವ ಆಹಾರ, ಪಾಥೇಯ. ದುಡಿಮೆಗೆ ದೊರೆಯುವ ಪ್ರತಿಫಲಕ್ಕೂ ಪ್ರಯಾಣದ ಗಂಟಿಗೂ ಒಂದೇ ಹೆಸರು ನಿಂತಿರುವುದು ಅರ್ಥಪೂರ್ಣವಾಗಿದೆ. ಮುಂದಿನ ಆಸರೆ ಸಿಗುವವರೆಗೆ ಜೀವ ಹಿಡಿದು ನಿಲ್ಲಿಸುವ ವಸ್ತು ಅದು. ವಿಮಾನವೇರುವವರು ಆಪತ್ಕಾಲಕ್ಕೆಂದು ಏನನ್ನು ಕಟ್ಟಿಕೊಳ್ಳಬೇಕು ಎಂಬ ಪ್ರಶ್ನೆ ಈಗ ನಮ್ಮ ಗಡಿಜಿಲ್ಲೆಯ ಹಳ್ಳಿಗಳಿಗೂ ಬಂದಿದೆ. ಆ ಪ್ರಶ್ನೆಗೆ ಬಹು ಹಳೆಯದೊಂದು ಚರಿತ್ರೆಯಿದೆ.

ನಾನು ಭಾಲ್ಕಿ ತಾಲ್ಲೂಕಿನ ಭಾತಂಬ್ರಾದವನು. ನಮ್ಮ ಕಡೆ ದೂರದ ಊರಿಗೆ ಹೊರಟವರ ಬುತ್ತಿಯೆಂದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಠಾಣಿ, ಬೆಲ್ಲ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಕಾವಿನಲ್ಲಿ ನೀರಿನಂಶವೆಲ್ಲ ಆರುವವರೆಗೆ ಬಿಟ್ಟರೆ ಅದಕ್ಕೆ ಬೂಷ್ಟು ಹಿಡಿಯದು, ವಾರಗಟ್ಟಲೆ ಕೆಡದು. ಹಿಂಡಿಯಲ್ಲಿ ನೀರಿಲ್ಲ, ಬೆಲ್ಲಕ್ಕೆ ಕೇಡಿಲ್ಲ. ಬುತ್ತಿಯ ಜೊತೆಗೆ ತಂಬಿಗೆ ಮತ್ತು ಹಗ್ಗ. ದಾರಿಯಲ್ಲಿ ಬಾವಿ ಸಿಕ್ಕಬಹುದು, ಆದರೆ ಸೇದಿಕೊಡುವವರು ಸಿಗುವರೆಂಬ ಭರವಸೆಯಿಲ್ಲ. ನೀರನ್ನೇ ಹೊರುವ ಬದಲು ನೀರನ್ನು ಪಡೆಯುವ ಸಾಧನವನ್ನು ಹೊತ್ತರು. ಓದುಬರಹವಿಲ್ಲದ ನಮ್ಮ ಅಜ್ಜಿಯರು ಕಂಡುಕೊಂಡಿದ್ದ ಈ ವಿವೇಕ ಇಂದಿನ ಯಾವ ಕೈಪಿಡಿಗೂ ಕಡಿಮೆಯದಲ್ಲ.

ಬುತ್ತಿಯ ತೂಕವನ್ನು ನಿರ್ಣಯಿಸುವುದು ದಾರಿಯ ಉದ್ದವಲ್ಲ; ಎರಡು ಆಸರೆಗಳ ನಡುವಿನ ಅಂತರ. ನಮ್ಮ ಶಾಸನಗಳಲ್ಲಿ ಅರವಟ್ಟಿಗೆಗೆ, ಛತ್ರಕ್ಕೆ ಬಿಟ್ಟ ದತ್ತಿಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಅರವಟ್ಟಿಗೆಯೊಂದು ಎದ್ದರೆ ಪಥಿಕನ ಹೆಗಲಿನಿಂದ ನೀರಿನ ಭಾರ ಇಳಿಯಿತು. ದಾಸೋಹದ ಮನೆಯೊಂದು ಸಿಕ್ಕಿದರೆ ಹಿಟ್ಟಿನ ಭಾರ ಇಳಿಯಿತು. ಸಮಾಜ ಸಿದ್ಧವಾಗಿದ್ದಷ್ಟೂ ವ್ಯಕ್ತಿಯ ಗಂಟು ಹಗುರ. ಸಮಾಜ ಕೈಬಿಟ್ಟ ಗಳಿಗೆಯಲ್ಲಿ ಮನುಷ್ಯನು ಏನನ್ನು ಎತ್ತಿಕೊಳ್ಳುತ್ತಾನೆಂಬುದೇ ಅವನ ನಿಜವಾದ ಪರೀಕ್ಷೆ.

ಅಂಥ ಪರೀಕ್ಷೆ ನಮ್ಮ ನೆಲದಲ್ಲಿ ಹಲವು ಸಲ ನಡೆದಿದೆ. ಹನ್ನೆರಡನೆಯ ಶತಮಾನದ ಕಲ್ಯಾಣಕ್ರಾಂತಿಯ ಬಳಿಕ ಶರಣರು ಚೆದುರಿ ಉಳವಿಯ ಕಡೆಗೆ ನಡೆದಾಗ ವಚನಗಳ ಓಲೆಗರಿಗಳ ಕಟ್ಟುಗಳನ್ನು ಹೊತ್ತು ನಡೆದರೆಂದು ಪರಂಪರೆ ಹೇಳುತ್ತದೆ. ಹಿಂದೆ ಸೈನ್ಯ, ಮುಂದೆ ಕಾಡು. ಆಗಲೂ ಗಂಟಿನಲ್ಲಿ ಗ್ರಂಥಕ್ಕೆ ಸ್ಥಳವಿತ್ತು. ಅನ್ನವನ್ನು ಮುಂದಿನ ಊರಿನಲ್ಲಿ ಬೇಡಬಹುದು, ವಚನವನ್ನು ಬೇಡಲಾಗದು.

ಇದಕ್ಕೆ ಎದುರಾದ ನಿದರ್ಶನವೂ ಬೀದರಿನ ಚರಿತ್ರೆಯಲ್ಲಿಯೇ ಇದೆ. ಮಹಮೂದ್ ಗವಾನನ ಮದರಸಾ ಪೂರ್ಣಗೊಂಡದ್ದು 1472ರಲ್ಲಿ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯದ ವರ್ತಕನು ಬೀದರಿಗೆ ಬಂದನು. ವೋಲ್ಗಾ ನದಿಯ ಮುಖದಲ್ಲಿ, ಅಸ್ತ್ರಖಾನಿನ ಬಳಿ, ದರೋಡೆಕಾರರು ಅವನ ಸರಕಿನೊಂದಿಗೆ ಪುಸ್ತಕಗಳನ್ನೂ ಕಸಿದುಕೊಂಡಿದ್ದರು. ಸರಕು ಹೋದ ದುಃಖವನ್ನು ಅವನು ನುಂಗಿಕೊಂಡನು. ಪುಸ್ತಕಗಳಿಲ್ಲದ ಕಾರಣ ತನ್ನ ಧರ್ಮದ ಹಬ್ಬಗಳು, ಉಪವಾಸಗಳು ಯಾವ ದಿನ ಬರುತ್ತವೆಂದೇ ತಿಳಿಯದೆ, ಪರನಾಡಿನಲ್ಲಿ ಊಹೆಯಿಂದ ವ್ರತ ಹಿಡಿಯಬೇಕಾಯಿತೆಂಬ ಕೊರಗು ಅವನ ಪ್ರವಾಸಕಥನದ ಉದ್ದಕ್ಕೂ ಇದೆ. ಊರು ಮುಟ್ಟುವ ಮೊದಲೇ ಅವನು ತೀರಿಕೊಂಡನು. ಗಂಟಿನಲ್ಲಿ ಎರಡು ಬಗೆಯ ವಸ್ತುಗಳಿರುತ್ತವೆ: ಕಳೆದರೆ ಮತ್ತೆ ಕೊಳ್ಳಬಹುದಾದವು, ಕಳೆದರೆ ಮರಳಿ ಬಾರದವು. ಎರಡನೆಯದು ಮೈಗೆ ಹತ್ತಿರವಿರಬೇಕು.

ಹದಿನೇಳನೆಯ ಶತಮಾನದಲ್ಲಿ ದಖ್ಖನಿನ ದಾರಿಗಳಲ್ಲಿ ಧಾನ್ಯವನ್ನು ಸಾಗಿಸುತ್ತಿದ್ದವರು ಬಂಜಾರರು. ಒಂದೊಂದು ತಂಡದಲ್ಲಿ ಹತ್ತು ಹನ್ನೆರಡು ಸಾವಿರ ಎತ್ತುಗಳವರೆಗೆ ಇರುತ್ತಿದ್ದವೆಂದು ಫ್ರೆಂಚ್ ಪ್ರವಾಸಿ ತವೆರ್ನಿಯೆ ಬರೆದಿದ್ದಾನೆ. ಒಂಟಿ ಪಥಿಕನಿಗೆ ಅಂಥ ರಕ್ಷಣೆಯಿರಲಿಲ್ಲ. ಆದ್ದರಿಂದ ಅವನು ಜೊತೆಗಾರರನ್ನು ಹುಡುಕುತ್ತಿದ್ದನು. ಠಕ್ಕರು ನೆಲೆಯೂರಿದ್ದು ಇಲ್ಲಿಯೇ. ನಿಜಾಮನ ಸೇವೆಯಲ್ಲಿದ್ದು ಮುಂದೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 1839ರಲ್ಲಿ ಪ್ರಕಟಿಸಿದ ಕಾದಂಬರಿಯ ವಸ್ತು ಇದೇ. ಠಕ್ಕನು ಪಥಿಕನ ವೇಷದಲ್ಲಿಯೇ ಬರುತ್ತಿದ್ದನು. ಅವನ ಆಯುಧ ಖಡ್ಗವಲ್ಲ, ರುಮಾಲು. ಬುತ್ತಿ ಕಟ್ಟುವ, ಬೆವರೊರೆಸುವ ಬಟ್ಟೆಯೇ ಕೊರಳಿಗೆ ಉರುಳಾಗುತ್ತಿತ್ತು.

ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಿಂತವರಿಗೆ ಈ ರುಮಾಲಿನ ನೆನಪಾಗಬೇಕು. ರಕ್ಷಣೆಗೆಂದು ಒಯ್ಯುವ ವಸ್ತುವೇ ಆಯುಧವೂ ಆಗಬಲ್ಲದು. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಸಣ್ಣ ಅಲಗುಗಳ ಬೆದರಿಕೆಯಿಂದ ವಿಮಾನಗಳನ್ನು ಅಪಹರಿಸಿದ ಮೇಲೆ, ಹಣ್ಣು ಹೆಚ್ಚುವ ಚಾಕುವಿಗೂ ಒಳಗೆ ಪ್ರವೇಶವಿಲ್ಲದಾಯಿತು. 2006ರಲ್ಲಿ ದ್ರವಸ್ಫೋಟಕಗಳಿಂದ ವಿಮಾನಗಳನ್ನು ಉರುಳಿಸುವ ಸಂಚು ಲಂಡನ್ನಿನಲ್ಲಿ ಬಯಲಾದ ಮೇಲೆ, ಕೈಚೀಲದ ದ್ರವಕ್ಕೆ 100 ಮಿಲಿಲೀಟರಿನ ಮಿತಿ ಬಂದಿತು. ನಮ್ಮ ಮಂಗಳಕಾರ್ಯಗಳ ಒಣ ಕೊಬ್ಬರಿಯ ಗಿಟುಕಿಗೂ ನಮ್ಮ ದೇಶದ ವಿಮಾನಗಳಲ್ಲಿ ನಿಷೇಧವಿದೆ. ಎಣ್ಣೆಯಂಶ ಹೆಚ್ಚಾದ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದೆಂಬುದು ಕಾರಣ. ಉಡಿ ತುಂಬಿ ಕಳಿಸಿದ ಕೊಬ್ಬರಿಯನ್ನು ಪೆಟ್ಟಿಗೆಯಿಂದ ತೆಗೆದಿಡುವಾಗ ನಮ್ಮ ತಾಯಂದಿರ ಮನಸ್ಸು ನೋಯುತ್ತದೆ. ಕಾರಣ ತಿಳಿದರೆ ಆ ನೋವು ಕಡಿಮೆಯಾದೀತು.

ಕರ್ನಾಟಕದ ನೆಲಕ್ಕೂ ಆಕಾಶಮಾರ್ಗಕ್ಕೂ ಸಂಬಂಧ ಇಂದಿನದಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಅಂಚೆಯನ್ನು ನೆವಿಲ್ ವಿಂಟ್ಸೆಂಟ್ ಎಂಬ ವೈಮಾನಿಕನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದನು. ಬೀದರಿನಲ್ಲಿ ವಾಯುಪಡೆಯ ತರಬೇತಿ ವಿಮಾನಗಳ ಸದ್ದು ನಮಗೆಲ್ಲ ಪರಿಚಿತವಾದದ್ದೇ. ಜನಸಾಮಾನ್ಯರಿಗಾಗಿ ಅಲ್ಲಿಂದ ಬೆಂಗಳೂರಿಗೆ ವಿಮಾನ ಹಾರಿದ್ದು 2020ರ ಫೆಬ್ರವರಿ 7ರಂದು. ಮುಂದಿನ ತಿಂಗಳು, ಮಾರ್ಚ್ 25ರಿಂದ, ಮಹಾಮಾರಿಯ ಕಾರಣ ದೇಶದೊಳಗಿನ ಪ್ರಯಾಣಿಕ ವಿಮಾನಗಳೆಲ್ಲ ನಿಂತವು. ಮತ್ತೆ ಮೇಲೆದ್ದದ್ದು ಮೇ 25ಕ್ಕೆ. ಹತ್ತು ವರ್ಷ ಹಿಂದೆ, 2010ರ ಏಪ್ರಿಲಿನಲ್ಲಿ, ಐಸ್‌ಲ್ಯಾಂಡಿನ ಜ್ವಾಲಾಮುಖಿಯೊಂದರ ಬೂದಿಯಿಂದ ಯೂರೋಪಿನ ಆಕಾಶ ದಿನಗಟ್ಟಲೆ ಮುಚ್ಚಿಹೋಗಿತ್ತು. ಎರಡು ಸಲವೂ ಲಕ್ಷಾಂತರ ಜನ ಪರವೂರುಗಳಲ್ಲಿ ಸಿಕ್ಕಿಬಿದ್ದರು. ಆಪತ್ತು ಬಂದದ್ದು ಆಕಾಶದಲ್ಲಲ್ಲ, ನೆಲದ ಮೇಲೆ, ಕಾಯುವ ಕೋಣೆಯಲ್ಲಿ.

ವಿಮಾನವೇ ತನ್ನ ಬುತ್ತಿಯನ್ನು ಕಟ್ಟಿಕೊಂಡಿರುವ ಬಗೆಯನ್ನು ಗಮನಿಸಿರಿ. ಒಳಗಿನ ಗಾಳಿಯ ಒತ್ತಡ ಕುಸಿದರೆ ಆಸನದ ಮೇಲಿನಿಂದ ಆಮ್ಲಜನಕದ ಮುಖವಾಡ ಇಳಿಯುತ್ತದೆ. ಅದರಲ್ಲಿರುವುದು ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದ ಉಸಿರು ಮಾತ್ರ. ಇಷ್ಟು ಅಲ್ಪವೇ ಎಂದು ಹೆದರಬೇಕಾಗಿಲ್ಲ. ವೈಮಾನಿಕನು ಸುಮಾರು 10,000 ಅಡಿ ಎತ್ತರಕ್ಕೆ, ಎಂದರೆ ಸಹಜವಾಗಿ ಉಸಿರಾಡಬಹುದಾದ ಗಾಳಿಗೆ, ವಿಮಾನವನ್ನು ಇಳಿಸಲು ಅಷ್ಟು ಹೊತ್ತು ಸಾಕು. ಎರಡು ಆಸರೆಗಳ ನಡುವಿನ ಅಂತರಕ್ಕೆ ತಕ್ಕ ಬುತ್ತಿ! ಭಾತಂಬ್ರಾದ ಅಜ್ಜಿಯ ಲೆಕ್ಕವನ್ನೇ ಯಂತ್ರಶಿಲ್ಪಿಯೂ ಹಾಕಿದ್ದಾನೆ.

ಈ ಲೆಕ್ಕವನ್ನು ನಾವೂ ಹಾಕಬಹುದು. ದಿನನಿತ್ಯದ ಔಷಧಿ, ವೈದ್ಯರ ಚೀಟಿಯೊಡನೆ, ಒಂದೆರಡು ದಿನಕ್ಕೆ ಹೆಚ್ಚಾಗಿ ಕೈಚೀಲದಲ್ಲಿರಲಿ. ಮಧುಮೇಹಿಗಳ ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ. ಸರಕಿನ ಕೋಣೆಗೆ ಹೋಗುವ ಪೆಟ್ಟಿಗೆಯಲ್ಲಿ ಅದನ್ನಿಡಬಾರದು. ಮೊಬೈಲಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕಿಗೂ ಕೆಳಗಿನ ಸರಕಿನಲ್ಲಿ ಅನುಮತಿಯಿಲ್ಲ. ಅದು ಹೊತ್ತಿಕೊಂಡರೆ ಮೇಲೆ ನಂದಿಸುವ ಕೈಗಳಿವೆ, ಕೆಳಗಿಲ್ಲ. ಖಾಲಿ ನೀರಿನ ಬಾಟಲಿಯೊಂದಿರಲಿ. ತಪಾಸಣೆ ದಾಟಿದ ಮೇಲೆ ತುಂಬಿಕೊಳ್ಳಬಹುದು. ಇದು ತಂಬಿಗೆಹಗ್ಗದ ಹೊಸ ಅವತಾರ. ಗುರುತಿನ ಪತ್ರ, ಮುಖ್ಯ ದೂರವಾಣಿ ಸಂಖ್ಯೆಗಳನ್ನು ಬರೆದ ಒಂದು ಕಾಗದ, ಒಂದು ಹೊದಿಕೆ, ನಾಲ್ಕು ಖಡಕ್ ರೊಟ್ಟಿ: ಇವಿಷ್ಟಿದ್ದರೆ ಒಂದು ರಾತ್ರಿಯನ್ನು ಯಾವ ನಿಲ್ದಾಣದಲ್ಲಾದರೂ ಕಳೆಯಬಹುದು.

ನಮ್ಮ ಸೀಮೆಯ ಹಿರಿಯರಿಗೆ 1948 ಮರೆಯುವಂಥದಲ್ಲ. ಆ ವರ್ಷದ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ಹತ್ಯಾಕಾಂಡ ನಡೆಯಿತು. ರಜಾಕಾರರ ಭಯದಿಂದ ಎಷ್ಟೋ ಕುಟುಂಬಗಳು ರಾತ್ರೋರಾತ್ರಿ ಗಡಿಯಾಚೆ ಸೊಲ್ಲಾಪುರದ ಕಡೆಗೆ ನಡೆದವು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಮರಳಿದವರು ಹೇಳುತ್ತಿದ್ದ ಮಾತು ಇಷ್ಟೆ: ಕಟ್ಟಿಕೊಂಡ ಹಿಟ್ಟು ಎರಡು ದಿನಕ್ಕೆ ತೀರಿತು, ಮೂರನೆಯ ದಿನ ಕಾಪಾಡಿದ್ದು ಹಾದಿಬದಿಯ ಊರಿನವರ ಅಂಬಲಿ.

ಬುತ್ತಿಯ ಚರಿತ್ರೆಯಲ್ಲಿ ನಾನು ಕಾಣುವ ತಥ್ಯ ಇದು. ಗಂಟು ನಮ್ಮನ್ನು ಎರಡನೆಯ ದಿನದವರೆಗೆ ಒಯ್ಯುತ್ತದೆ. ಮೂರನೆಯ ದಿನಕ್ಕೆ ಮನುಷ್ಯರೇ ಬೇಕು. ನಮ್ಮ ಹೆಂಗಸರು ಬುತ್ತಿ ಕಟ್ಟುವಾಗ ಎಣಿಸಿದ್ದಕ್ಕಿಂತ ಒಂದು ರೊಟ್ಟಿ ಹೆಚ್ಚಿಗೆ ಇಡುತ್ತಿದ್ದರು. ದಾರಿಯಲ್ಲಿ ಬುತ್ತಿಯಿಲ್ಲದೆ ಬಂದವನೊಬ್ಬನು ಪಕ್ಕದಲ್ಲಿ ಕುಳಿತಾನೆಂಬುದು ಅವರಿಗೆ ಗೊತ್ತಿತ್ತು. ವಿಮಾನದ ತೂಕದ ಕಾಯಿದೆ ಎಷ್ಟೇ ಬಿಗಿಯಾಗಿರಲಿ, ಆ ಒಂದು ರೊಟ್ಟಿಗೆ ಜಾಗ ಇದ್ದೇ ಇರುತ್ತದೆ.