ಎರಡು ವಿದ್ಯಾಪೀಠಗಳ ನಡುವಿನ ನೆಲ

ನೂರು ವರ್ಷಗಳ ಹಿಂದೆ ಉದಗೀರ ಮತ್ತು ನಿಲಂಗಾ ತಾಲೂಕುಗಳು ನಿಜಾಮ ಸಂಸ್ಥಾನದ ಬೀದರ ಜಿಲ್ಲೆಗೆ ಸೇರಿದ್ದವು. ಆ ಸಂಸ್ಥಾನದ ವಿಶ್ವವಿದ್ಯಾಲಯವಾದ ಉಸ್ಮಾನಿಯಾ 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾಯಿತು. ಅಲ್ಲಿ ಬೋಧನೆ ನಡೆಯುತ್ತಿದ್ದುದು ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಎಂಬಂತಿದ್ದ ನಮ್ಮ ಹಿರಿಯರಿಗೆ ವಿಶ್ವವಿದ್ಯಾಲಯವೆಂದರೆ ದೂರದ ಮಾತು. ಅದು ತಮ್ಮ ಹೊಲಕ್ಕೂ ಕೊಟ್ಟಿಗೆಗೂ ಬಂದೀತೆಂದು ಯಾರೂ ಎಣಿಸಿರಲಿಲ್ಲ.

ಅಂಥ ವಿಶ್ವವಿದ್ಯಾಲಯದ ಕಲ್ಪನೆ ಅಮೆರಿಕೆಯಲ್ಲಿ ಮೂಡಿತು. 1862ರ ಕಾಯ್ದೆಯೊಂದು ಕೃಷಿ ಹಾಗೂ ಯಂತ್ರಕಲೆಗಳನ್ನು ಕಲಿಸುವ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಸರಕಾರಿ ಭೂಮಿಯನ್ನು ನೀಡಿತು. ಇದರಿಂದಲೇ ‘ಭೂ ಅನುದಾನ’ ಎಂಬ ಹೆಸರು ಬಂದಿತು. 1887ರಲ್ಲಿ ಸಂಶೋಧನೆಯೂ 1914ರಲ್ಲಿ ವಿಸ್ತರಣೆಯೂ, ಅಂದರೆ ತಿಳಿವಳಿಕೆಯನ್ನು ರೈತನ ಬಳಿಗೆ ಒಯ್ಯುವ ಕಾರ್ಯವೂ, ಇದಕ್ಕೆ ಕೂಡಿದವು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ಗುವಾಮ್‌ನಲ್ಲಿ 1952ರಲ್ಲಿ ಶಿಕ್ಷಕರ ತರಬೇತಿಗೆಂದು ಆರಂಭವಾದ ಕಾಲೇಜು ಮುಂದೆ ವಿಶ್ವವಿದ್ಯಾಲಯವಾಗಿ ಬೆಳೆದು, 1972ರಲ್ಲಿ ಇದೇ ಸಾಲಿಗೆ ಸೇರಿತು.

ನಮ್ಮ ನಾಡಿಗೂ ಈ ಮಾದರಿ ಬಂದಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಟೆನೆಸಿ ವಿಶ್ವವಿದ್ಯಾಲಯದ ನೆರವಿನೊಂದಿಗೆ ಇದೇ ಧ್ಯೇಯವನ್ನಿಟ್ಟುಕೊಂಡು ಕಾರ್ಯಾರಂಭ ಮಾಡಿತು. ಅಷ್ಟರೊಳಗೆ ನಮ್ಮ ಸೀಮೆಯ ಗಡಿ ಬದಲಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರವು ಮೈಸೂರು ರಾಜ್ಯಕ್ಕೆ ಸೇರಿದರೆ, ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೆ ಸೇರಿ ಮುಂದೆ ಮಹಾರಾಷ್ಟ್ರದ ಭಾಗವಾದವು. ಗುವಾಮ್‌ಗೆ ಭೂ ಅನುದಾನದ ಸ್ಥಾನ ದೊರೆತ 1972ರಲ್ಲಿಯೇ ಪರಭಣಿಯಲ್ಲಿ ಮರಾಠವಾಡಾ ಕೃಷಿ ವಿದ್ಯಾಪೀಠ ಸ್ಥಾಪನೆಯಾಯಿತು. ಗಡಿಯಾಚೆ ಬೀದರದಲ್ಲಿ 2004ರ ಕಾಯ್ದೆಯಂತೆ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದಿತು. ಈಚೆ ಉದಗೀರದಲ್ಲಿಯೂ ಪಶುವೈದ್ಯಕೀಯ ಮಹಾವಿದ್ಯಾಲಯವಿದ್ದು, ಅದು ನಾಗಪುರದ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಈ ಎರಡೂ ಸಂಸ್ಥೆಗಳ ಸುತ್ತಲಿನ ಕೊಟ್ಟಿಗೆಗಳಲ್ಲಿರುವುದು ಒಂದೇ ದನ: ಲಾತೂರ ಜಿಲ್ಲೆಯ ದೇವಣಿ ಊರಿನಿಂದ ಹೆಸರು ಪಡೆದ ದೇವಣಿ ತಳಿ. ಮೈಯೆಲ್ಲ ಬಿಳುಪಾದ ಬಾಲಂಕ್ಯಾ, ಮುಖ ಮಾತ್ರ ಕಪ್ಪಾದ ವಾನೆರಾ, ಬಿಳಿ ಮೈಮೇಲೆ ಕಪ್ಪು ಮಚ್ಚೆಗಳ ಶೇವೆರಾ ಎಂಬ ಮೂರು ಬಗೆಗಳನ್ನು ಎರಡೂ ಕಡೆಯ ಒಕ್ಕಲಿಗರು ಬಲ್ಲರು. ಹಾಲಿಗೂ ಬೇಸಾಯಕ್ಕೂ ಒದಗುವ ಈ ತಳಿಗೆ ರಾಜ್ಯದ ಗಡಿಯಿಲ್ಲ. ಆದರೆ ಅದರ ಕುರಿತಾದ ತಿಳಿವಳಿಕೆ ರೈತನಿಗೆ ಒಂದು ಕಡೆ ಮರಾಠಿಯಲ್ಲಿ, ಇನ್ನೊಂದು ಕಡೆ ಕನ್ನಡದಲ್ಲಿ ದೊರೆಯುತ್ತದೆ.

ಇಲ್ಲಿಯೇ ನಮ್ಮ ಶಾಲೆಯ ನಿಜವಾದ ಬೆಲೆ ಕಾಣುತ್ತದೆ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಕನ್ನಡದಲ್ಲಿ ಓದಿ, ಮರಾಠಿಯನ್ನೂ ಕಲಿತ ಮಗುವಿಗೆ ಎರಡೂ ವಿದ್ಯಾಪೀಠಗಳ ಬಾಗಿಲು ತೆರೆದಿರುತ್ತದೆ. ಇಂಗ್ಲಿಷ್ ಮಾಧ್ಯಮದ ಸೆಳೆತಕ್ಕೆ ಸಿಕ್ಕಿ ಕನ್ನಡದ ತರಗತಿಗಳು ಬರಿದಾದರೆ, ಬೀದರದ ಬಾಗಿಲು ಎಷ್ಟು ಸಮೀಪವಿದ್ದರೂ ನಮ್ಮ ಪಾಲಿಗೆ ಮುಚ್ಚಿದಂತೆಯೇ.

ಸರಕಾರ ಭೂಮಿ ಕೊಡಬಹುದು, ಕಟ್ಟಡ ಕಟ್ಟಿಸಬಹುದು. ವಿದ್ಯೆ ಹೊಲವನ್ನು ಮುಟ್ಟುವ ಕೊನೆಯ ಹರದಾರಿಯನ್ನು ಮನೆಮಾತೇ ನಡೆಯಬೇಕು. ಒಂದು ಶತಮಾನದಿಂದ ಆ ಹಾದಿಯನ್ನು ಸವೆಸಿದ ಶಾಲೆಗೆ ಈ ಹಬ್ಬದಲ್ಲಿ ನಾವು ಸಲ್ಲಿಸಬಹುದಾದ ಕಾಣಿಕೆ ಒಂದೇ: ನಮ್ಮ ಮಕ್ಕಳ ಹೆಸರು ಅದರ ಹಾಜರಿ ಪಟ್ಟಿಯಲ್ಲಿರಲಿ.